ಅಗ್ಗದ ಮನೆ, ಬೆರೆತ ಊರು: ಶಿಕಾಗೋ ಸುತ್ತ ಒಂದು ಕಪ್ಪು ಕುಟುಂಬದ ಹುಡುಕಾಟ

ಹ್ಯೂಸ್ಟನ್‌ನಿಂದ ಶಿಕಾಗೋಗೆ ವರ್ಗವಾಗಿ ಬರಲಿದ್ದ ಗೆಳೆಯನೊಬ್ಬ ಫೋನ್ ಮಾಡಿ, "ನೀನು ಅಲ್ಲಿ ಹದಿನೈದು ವರ್ಷದಿಂದ ಇದ್ದೀಯ, ಮನೆ ಯಾವ ಕಡೆ ನೋಡಲಿ?" ಎಂದು ಕೇಳಿದ. ನಾನು ಒಂದು ಕ್ಷಣವೂ ಯೋಚಿಸದೆ "ನೇಪರ್‌ವಿಲ್" ಎಂದೆ. ಇಲ್ಲಿರುವ ಕನ್ನಡದವರು ಯಾರೇ ಕೇಳಿದರೂ ನಾವು ಕೊಡುವ ಉತ್ತರ ಅದು, ಇಲ್ಲವೇ ಅರೋರಾ, ಶಾಂಬರ್ಗ್. ಶಾಲೆಗೆ ಒಳ್ಳೆ ರೇಟಿಂಗ್, ಬಾಲಾಜಿ ದೇವಸ್ಥಾನ ಹತ್ತಿರ, ಇಂಡಿಯನ್ ಅಂಗಡಿ ಹತ್ತಿರ. ಇಷ್ಟು ನೋಡಿಕೊಂಡರೆ ನಮ್ಮ ಲೆಕ್ಕ ಮುಗಿಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಅಲ್ಲಿ ನನ್ನ ಮಗನ ಕ್ಲಾಸಿನಲ್ಲಿ ಅವನಂಥವರು ಎಷ್ಟು ಜನ ಇರ್ತಾರೆ?"

ನೇಪರ್‌ವಿಲ್‌ನಲ್ಲಿ ಕಪ್ಪು ಜನ ನೂರಕ್ಕೆ ಐದರ ಆಸುಪಾಸು. ಇಪ್ಪತ್ತೈದು ಮಕ್ಕಳ ಕ್ಲಾಸಿನಲ್ಲಿ ಒಬ್ಬ. ಆ ಒಬ್ಬ ಅವನ ಮಗನೇ.

ಗೆಳೆಯ ಆಫ್ರಿಕನ್-ಅಮೆರಿಕನ್. ಹೆಂಡತಿ ನರ್ಸ್, ಹನ್ನೊಂದು ವರ್ಷದ ಮಗ, ಆರು ವರ್ಷದ ಮಗಳು, ಜೊತೆಗೆ ಅವನ ತಾಯಿ. ಆಫೀಸು ಶಿಕಾಗೋ ಡೌನ್‌ಟೌನಿನಲ್ಲಿ. 3 ಲಕ್ಷ ಡಾಲರ್ ದಾಟದ ಮನೆ ಬೇಕು, ಎಲ್ಲ ಬಣ್ಣದ ಜನ ಬೆರೆತಿರುವ ಊರು ಬೇಕು. ಮುಂದಿನ ಆರು ತಿಂಗಳು ಅವನ ಜೊತೆ ನಾನೂ ಸಬರ್ಬ್‌ಗಳನ್ನು, ಅಂದರೆ ನಗರದ ಹೊರವಲಯದ ಊರುಗಳನ್ನು ಸುತ್ತಿದೆ, ಕಾಗದಪತ್ರ ಓದಿದೆ. ಬೆಲೆ, ಶಾಲೆ, ನೆರೆಹೊರೆ ಇವು ನನ್ನಂಥವನಿಗೆ ಮೂರು ಬೇರೆ ಬೇರೆ ಪ್ರಶ್ನೆ. ಅವನ ಕುಟುಂಬಕ್ಕೆ ಮೂರೂ ಸೇರಿ ಒಂದೇ ಗಂಟು. ಆ ಗಂಟನ್ನು ಸುಮಾರು ತೊಂಬತ್ತು ವರ್ಷದ ಹಿಂದೆ ಕಾನೂನು ಮತ್ತು ಬ್ಯಾಂಕು ಸೇರಿ ಹಾಕಿದ್ದವು. ಅದು ಗೊತ್ತಿಲ್ಲದೆ ಹೊರಟರೆ ಇಲ್ಲಿ ಮನೆಯೊಂದು ಯಾಕೆ ಅಗ್ಗ, ಊರೊಂದು ಯಾಕೆ ಬೆರೆತಂತೆ ಕಾಣುತ್ತದೆ ಎನ್ನುವುದು ಅರ್ಥವಾಗುವುದಿಲ್ಲ.

1916ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನ ಅಮೆರಿಕದ ದಕ್ಷಿಣ ರಾಜ್ಯಗಳನ್ನು ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಹೋದರು. ಮಿಸಿಸಿಪ್ಪಿ ಕಡೆಯವರು ಇಲಿನಾಯ್ ಸೆಂಟ್ರಲ್ ರೈಲು ಹತ್ತಿ ಶಿಕಾಗೋದಲ್ಲಿ ಇಳಿದರು. ಇಳಿದವರಿಗೆ ನಗರದ ದಕ್ಷಿಣದ ಒಂದು ಕಿರಿದಾದ ಪಟ್ಟಿ ಬಿಟ್ಟರೆ ಬೇರೆಡೆ ಮನೆ ಸಿಗುವುದೇ ದುಸ್ತರವಾಗಿತ್ತು, ಯಾಕೆಂದರೆ ಎಷ್ಟೋ ಬಡಾವಣೆಗಳ ಕ್ರಯಪತ್ರದಲ್ಲೇ ಷರತ್ತು ಇರುತ್ತಿತ್ತು: ಈ ಮನೆಯನ್ನು ಕಪ್ಪು ಜನಕ್ಕೆ ಮಾರಕೂಡದು, ಬಾಡಿಗೆಗೂ ಕೊಡಕೂಡದು. ಇಂಥ ಷರತ್ತನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ, ಶೆಲ್ಲಿ ವರ್ಸಸ್ ಕ್ರೇಮರ್ ಮೊಕದ್ದಮೆಯಲ್ಲಿ. ಅಷ್ಟರಲ್ಲಿ ಸಾಲದ ಬಾಗಿಲಿಗೆ ಬೇರೆಯೇ ಬೀಗ ಬಿದ್ದಿತ್ತು. 1930ರ ದಶಕದಲ್ಲಿ ಎಚ್‌ಓಎಲ್‌ಸಿ ಎಂಬ ಕೇಂದ್ರ ಸರ್ಕಾರದ ಗೃಹಸಾಲ ಸಂಸ್ಥೆ ದೊಡ್ಡ ಊರುಗಳ ನಕ್ಷೆ ತೆಗೆದುಕೊಂಡು ಬೀದಿಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿತು. ಕೆಂಪು ಅಂದರೆ ಸಾಲಕ್ಕೆ ಅಪಾಯ. ಕಪ್ಪು ಜನ ಇದ್ದ ಬೀದಿಗಳು ಹೆಚ್ಚುಕಡಿಮೆ ಎಲ್ಲವೂ ಕೆಂಪಾದವು. 1934ರಲ್ಲಿ ಹುಟ್ಟಿದ ಎಫ್‌ಎಚ್‌ಎ ಎಂಬ ಇನ್ನೊಂದು ಸರ್ಕಾರಿ ಸಂಸ್ಥೆ ಹೊಸ ಸಬರ್ಬ್‌ಗಳ ಬಿಳಿಯರ ಮನೆ ಸಾಲಕ್ಕೆ ವಿಮೆ ಕೊಟ್ಟಿತು, ಇಂಥ ಬೀದಿಗಳಿಗೆ ಕೊಡಲಿಲ್ಲ. ಬ್ಯಾಂಕಿನಲ್ಲಿ ಸಾಲ ಸಿಗದವರು ಕಂತಿನ ಕರಾರಿನ ಮೇಲೆ ಮನೆ ಕೊಂಡರು. ಬೆಲೆ ಮಾರುಕಟ್ಟೆಗಿಂತ ಬಹಳ ಹೆಚ್ಚು, ಕೊನೆಯ ಕಂತು ಕಟ್ಟುವವರೆಗೂ ಹಕ್ಕುಪತ್ರ ಕೈಗೆ ಬರುವುದಿಲ್ಲ, ಒಂದು ಕಂತು ತಪ್ಪಿದರೂ ಕಟ್ಟಿದ್ದೆಲ್ಲ ಮುಳುಗಿ ಮನೆ ಖಾಲಿ ಮಾಡಬೇಕಾದೀತು. 1950 ಮತ್ತು 60ರ ದಶಕಗಳಲ್ಲಿ ಶಿಕಾಗೋದ ಕಪ್ಪು ಕುಟುಂಬಗಳು ಈ ಕರಾರುಗಳಲ್ಲಿ ಕಳೆದುಕೊಂಡದ್ದು 300ರಿಂದ 400 ಕೋಟಿ ಡಾಲರ್ ಎಂದು ಡ್ಯೂಕ್ ವಿಶ್ವವಿದ್ಯಾಲಯದಿಂದ 2019ರಲ್ಲಿ ಬಂದ ಅಧ್ಯಯನ ಲೆಕ್ಕ ಹಾಕಿತು.

ದುಡ್ಡು ಇದ್ದವರ ಪಾಡೂ ಸುಖವಾಗಿರಲಿಲ್ಲ. ಪರ್ಸಿ ಜೂಲಿಯನ್ ಹೆಸರಾಂತ ರಸಾಯನ ವಿಜ್ಞಾನಿ. ಗ್ಲಾಕೋಮಾ ಕಣ್ಣಿನ ರೋಗಕ್ಕೆ ಬಳಸುವ ಔಷಧವನ್ನು ಪ್ರಯೋಗಾಲಯದಲ್ಲಿ ತಯಾರಿಸಿ ತೋರಿಸಿದವರು. 1950ರಲ್ಲಿ ಅವರು ಶಿಕಾಗೋ ಪಕ್ಕದ ಓಕ್ ಪಾರ್ಕ್‌ನಲ್ಲಿ ಮನೆ ಕೊಂಡಾಗ, ಸಂಸಾರ ಬಂದು ಸೇರುವ ಮೊದಲೇ ಆ ಮನೆಗೆ ಬೆಂಕಿ ಇಡುವ ಪ್ರಯತ್ನ ನಡೆಯಿತು. ಮರುವರ್ಷ ಡೈನಮೈಟ್ ಎಸೆದರು. ಜೂಲಿಯನ್ ಊರು ಬಿಡಲಿಲ್ಲ. 1966ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದೇ ಮನೆಗಳ ಪ್ರಶ್ನೆ ಹಿಡಿದು ಶಿಕಾಗೋದ ಮಾರ್ಕೆಟ್ ಪಾರ್ಕ್ (Marquette Park) ಬಡಾವಣೆಯಲ್ಲಿ ಮೆರವಣಿಗೆ ನಡೆಸಿದಾಗ ಅವರ ತಲೆಗೆ ಕಲ್ಲು ಬಿತ್ತು. 1968ರ ಏಪ್ರಿಲ್ 4ರಂದು ಅವರ ಹತ್ಯೆ, ಏಪ್ರಿಲ್ 11ರಂದು ಫೇರ್ ಹೌಸಿಂಗ್ ಕಾಯಿದೆಗೆ ಅಧ್ಯಕ್ಷರ ಸಹಿ.

ಇಲ್ಲಿ ನಮ್ಮ ಮಾತೂ ಒಂದಿದೆ. ಕನ್ನಡದವರು ಈ ದೇಶಕ್ಕೆ ಗುಂಪಾಗಿ ಬರತೊಡಗಿದ್ದು 1965ರ ವಲಸೆ ಕಾಯಿದೆಯ ಮೇಲೆ. ಬಂದು, ದುಡ್ಡು ಕೂಡಿಸಿ ಮನೆ ಕೊಳ್ಳುವ ಹೊತ್ತಿಗೆ 1968ರ ಕಾಯಿದೆ ಜಾರಿಯಲ್ಲಿತ್ತು. ಬಣ್ಣ ನೋಡಿ ಮನೆ ಇಲ್ಲವೆನ್ನುವುದು ಕಾನೂನುಬಾಹಿರ ಎಂಬ ರಕ್ಷಣೆ ನಮಗೆ ತಯಾರಾಗಿ ಸಿಕ್ಕಿತು. ಅದಕ್ಕಾಗಿ ಕಲ್ಲೇಟು ತಿಂದವರು ಬೇರೆ ಜನ. ನೇಪರ್‌ವಿಲ್ ಎಂದು ಥಟ್ಟನೆ ಹೇಳುವ ಮೊದಲು ಇದು ನನಗೆ ನೆನಪಾಗಬೇಕಿತ್ತು.

ಇನ್ನು ಮನೆ ತೋರಿಸುವ ಏಜೆಂಟ್ ವಿಷಯ. ಗೆಳೆಯನ ಹೆಂಡತಿ ಮೊದಲ ದಿನವೇ ಏಜೆಂಟ್ ಹತ್ತಿರ ನೇರವಾಗಿ ಕೇಳಿದಳು, "ಈ ಬಡಾವಣೆಯಲ್ಲಿ ಯಾರ್ಯಾರು ಇದ್ದಾರೆ?" ಏಜೆಂಟ್ ನಗುತ್ತಲೇ "ಅದನ್ನು ನಾನು ಹೇಳುವ ಹಾಗಿಲ್ಲ" ಎಂದಳು. ಮುಚ್ಚುಮರೆ ಅನ್ನಿಸಿತು, ಆದರೆ ಆಕೆ ನಡೆದುಕೊಂಡದ್ದು ಸರಿ. ಬಣ್ಣ ನೋಡಿ ಗಿರಾಕಿಯನ್ನು ಒಂದು ಕಡೆಗೆ ತಿರುಗಿಸುವುದಕ್ಕೆ ಇಲ್ಲಿ "ಸ್ಟೀರಿಂಗ್" ಎನ್ನುತ್ತಾರೆ, ಕಾಯಿದೆ ಪ್ರಕಾರ ಅದು ತಪ್ಪು. ಹಾಗಾಗಿ ಒಳ್ಳೆಯ ಏಜೆಂಟ್ ಜನಾಂಗದ ಮಾತೇ ಎತ್ತುವುದಿಲ್ಲ. ಕೆಟ್ಟ ಏಜೆಂಟ್ ಕೂಡ ಬಾಯಿಬಿಡುವುದಿಲ್ಲ, ತೋರಿಸುವ ಮನೆಗಳ ಪಟ್ಟಿಯಲ್ಲೇ ಕೆಲಸ ಮುಗಿಸುತ್ತಾನೆ. ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನಲ್ಲಿ ನ್ಯೂಸ್‌ಡೇ ಪತ್ರಿಕೆ ಮೂರು ವರ್ಷ ಗುಟ್ಟಾಗಿ ಪರೀಕ್ಷೆ ನಡೆಸಿ 2019ರಲ್ಲಿ ವರದಿ ಪ್ರಕಟಿಸಿತು. ಒಂದೇ ಆದಾಯ ಹೇಳಿಕೊಂಡು, ಒಂದೇ ಬಗೆಯ ಮನೆ ಕೇಳಿಕೊಂಡು ಹೋದವರಲ್ಲಿ ಕಪ್ಪು ಗಿರಾಕಿಗಳಿಗೆ ಶೇ. 49ರಷ್ಟು ಸಲ, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಗಿರಾಕಿಗಳಿಗೆ ಶೇ. 39ರಷ್ಟು ಸಲ, ಏಷ್ಯಾದವರಿಗೆ ಶೇ. 19ರಷ್ಟು ಸಲ ಬೇರೆ ಥರದ ಉಪಚಾರ ಆಗಿತ್ತು. ಆ ಮೂರನೆಯ ಅಂಕಿಯೊಳಗೆ ನಾವೂ ಬರುತ್ತೇವೆ. ಆದ್ದರಿಂದ ಕುಟುಂಬ ತನ್ನ ಊರುಗಳ ಪಟ್ಟಿಯನ್ನು ತಾನೇ ಮಾಡಿಕೊಂಡು ಏಜೆಂಟ್ ಕೈಗೆ ಕೊಡಬೇಕು. ಪಟ್ಟಿಯನ್ನು ಏಜೆಂಟ್ ಕೈಯಿಂದ ತೆಗೆದುಕೊಳ್ಳಬಾರದು.

ಪಟ್ಟಿ ಮಾಡಲು ಕೂತಾಗ ಎದುರಾಗುವ ಮೊದಲ ತೊಡಕು "ಬೆರೆತ ಊರು" ಎಂಬ ಮಾತು. ಜನಗಣತಿಯಲ್ಲಿ ಅರ್ಧ ಕಪ್ಪು ಅರ್ಧ ಬಿಳಿ ಎಂದಿದ್ದರೆ ನಾವು ಬೆರೆತಿದೆ ಎನ್ನುತ್ತೇವೆ. ಅದು ಚಲಿಸುತ್ತಿರುವ ರೈಲಿನ ಒಂದು ಫೋಟೋ ಅಷ್ಟೇ ಆಗಿರಬಹುದು. ಓಕ್ ಪಾರ್ಕ್‌ಗೆ ತಾಗಿಕೊಂಡಿರುವುದು ಶಿಕಾಗೋದ ಆಸ್ಟಿನ್ ಬಡಾವಣೆ. ನಡುವೆ ಆಸ್ಟಿನ್ ಬುಲೆವಾರ್ಡ್ ಎಂಬ ಒಂದೇ ರಸ್ತೆ. 1960ರ ದಶಕದ ಕೊನೆಯಿಂದ ಆಸ್ಟಿನ್‌ನಲ್ಲಿ ದಲ್ಲಾಳಿಗಳು ಬಿಳಿಯರ ಮನೆ ಬಾಗಿಲಿಗೆ ಹೋಗಿ "ಅವರು ಬರ್ತಾ ಇದ್ದಾರೆ, ಈಗಲೇ ಮಾರಿಬಿಡಿ" ಎಂದು ಹೆದರಿಸಿ ಅಗ್ಗಕ್ಕೆ ಕೊಂಡು, ಅದೇ ಮನೆಯನ್ನು ಕಪ್ಪು ಕುಟುಂಬಕ್ಕೆ ದುಬಾರಿಗೆ ಮಾರಿದರು. ಹತ್ತು ಹನ್ನೆರಡು ವರ್ಷದಲ್ಲಿ ಬಡಾವಣೆಯ ಬಹುಪಾಲು ಬಿಳಿಯರಿಂದ ಕಪ್ಪು ಜನಕ್ಕೆ ತಿರುಗಿಹೋಯಿತು. ನಡುವೆ ಯಾವುದೋ ಒಂದು ವರ್ಷ ಅಲ್ಲಿಯೂ ಅರ್ಧ-ಅರ್ಧ ಇದ್ದಿರಲೇಬೇಕು.

ಓಕ್ ಪಾರ್ಕ್ ತಿರುಗಲಿಲ್ಲ, ಮುಚ್ಚಿಕೊಳ್ಳಲೂ ಇಲ್ಲ. ಇದು ತಾನಾಗಿ ಆದದ್ದಲ್ಲ, ದುಡಿದು ಆಗಿಸಿದ್ದು. 1968ರಲ್ಲಿ ಊರಿನ ಆಡಳಿತವೇ ತನ್ನದೊಂದು ಫೇರ್ ಹೌಸಿಂಗ್ ಶಾಸನ ಮಾಡಿತು. 1972ರಲ್ಲಿ ರಾಬರ್ಟಾ ರೇಮಂಡ್ ಹೌಸಿಂಗ್ ಸೆಂಟರ್ ಒಂದನ್ನು ತೆರೆದರು. ಬಾಡಿಗೆ ಮನೆ ಕೇಳಿ ಬಂದ ಬಿಳಿಯರಿಗೆ ಆಸ್ಟಿನ್ ಕಡೆಯ ಬೀದಿಗಳನ್ನೂ, ಕಪ್ಪು ಜನಕ್ಕೆ ಊರಿನ ಎಲ್ಲ ಮೂಲೆಗಳನ್ನೂ ಪರಿಚಯಿಸುವುದು ಅದರ ಕೆಲಸ. ಬೀದಿಯಲ್ಲಿ "ಮಾರಾಟಕ್ಕಿದೆ" ಬೋರ್ಡುಗಳ ಸಾಲು ಕಂಡರೆ ಜನ ಗಾಬರಿಯಾಗುತ್ತಾರೆಂದು ಬೋರ್ಡನ್ನೇ ನಿಷೇಧಿಸಿದರು. 1977ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಊರಿನ ಮೊಕದ್ದಮೆಯೊಂದರಲ್ಲಿ ಇಂಥ ನಿಷೇಧ ಸಲ್ಲದು ಎಂದ ಮೇಲೂ ಇಲ್ಲಿಯ ಏಜೆಂಟರು ತಾವಾಗಿ ಆ ಪದ್ಧತಿ ಉಳಿಸಿಕೊಂಡರು. 1978ರಲ್ಲಿ ಮನೆ ಬೆಲೆ ಬಿದ್ದರೆ ನಷ್ಟ ತುಂಬಿಕೊಡುವ ವಿಮೆಯನ್ನೂ ಊರು ಜಾರಿಗೆ ತಂದಿತು. 1970ರಲ್ಲಿ ನೂರಕ್ಕೆ 99 ಬಿಳಿಯರಿದ್ದ ಊರಿನಲ್ಲಿ ಈಗ ಐವರಲ್ಲಿ ಒಬ್ಬರಿಗೆ ಹತ್ತಿರ ಕಪ್ಪು ಜನ, ಅದೂ ದಶಕಗಳಿಂದ ಸ್ಥಿರವಾಗಿ. ಆದರೆ ಈ ಯಶಸ್ಸಿಗೆ ಬೆಲೆ ಇದೆ. ಗೆಳೆಯನ 3 ಲಕ್ಷಕ್ಕೆ ಅಲ್ಲಿ ಫ್ಲಾಟ್ ಸಿಗಬಹುದು, ಅಂಗಳ ಇರುವ ಮನೆ ಕನಸು. ಎವನ್‌ಸ್ಟನ್ ಕೂಡ ಹಾಗೇ. 2021ರಲ್ಲಿ ಹಳೆಯ ವಸತಿ ತಾರತಮ್ಯಕ್ಕೆ ಪರಿಹಾರವಾಗಿ ತಲಾ 25,000 ಡಾಲರ್ ಕೊಡಲು ನಿರ್ಧರಿಸಿದ ಊರು ಅದು, ಆದರೆ ಹೊಸಬರ ಕೈಗೆ ಸುಲಭವಾಗಿ ಎಟುಕುವುದಿಲ್ಲ.

ಕೈಗೆಟುಕುವ ಊರುಗಳು ಇರುವುದು ದಕ್ಷಿಣದಲ್ಲಿ: ಹೋಮ್‌ವುಡ್, ಫ್ಲಾಸ್‌ಮೂರ್, ಮ್ಯಾಟೆಸನ್, ಒಲಿಂಪಿಯಾ ಫೀಲ್ಡ್ಸ್, ಪಾರ್ಕ್ ಫಾರೆಸ್ಟ್. ಶಿಕಾಗೋ ನಗರದ ಕಪ್ಪು ಜನಸಂಖ್ಯೆ 1980ರಲ್ಲಿ ಸುಮಾರು 12 ಲಕ್ಷ ಇದ್ದದ್ದು 2020ಕ್ಕೆ 8 ಲಕ್ಷಕ್ಕಿಂತ ಕೆಳಗಿಳಿದಿದೆ. ಹೊರಟವರಲ್ಲಿ ಎಷ್ಟೋ ಮಂದಿ ಬಂದು ನೆಲೆಸಿದ್ದು ಈ ಕಡೆಗೆ. ಮ್ಯಾಟೆಸನ್ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಬಂದ ಕಪ್ಪು ಕುಟುಂಬಗಳು ದುಡಿದು ಮೇಲೆ ಬಂದ ಮಧ್ಯಮ ವರ್ಗದವರೇ. ಆದರೂ ಬಿಳಿಯರು ಬಿಡುತ್ತಲೇ ಹೋದರು. 1995ರಲ್ಲಿ ಊರಿನ ಆಡಳಿತ ಬಿಳಿಯ ಕುಟುಂಬಗಳನ್ನು ಸೆಳೆಯಲು ಜಾಹೀರಾತನ್ನೇ ಹಾಕಿತು, ದೇಶದಾದ್ಯಂತ ಚರ್ಚೆಯಾಯಿತು. ಬೆರೆತ ಊರು ಬೇಕೆಂಬ ಆಸೆ ಸರಿಯಾದದ್ದೇ. ಆದರೆ ಮನೆ ಕೊಂಡು ಬಂದು ಕೂತವರಿಗೆ "ನಿಮ್ಮಿಂದ ಊರಿಗೆ ಬೆಲೆ ಇಲ್ಲ" ಎಂದು ಹೇಳಿದ ಹಾಗೂ ಕೇಳಿಸಿತು. ಇವತ್ತು ಅಲ್ಲಿ ಹತ್ತರಲ್ಲಿ ಎಂಟು ಮಂದಿ ಕಪ್ಪು ಜನ. ದೊಡ್ಡ ಅಂಗಡಿಗಳು ಒಂದೊಂದಾಗಿ ಹೋಗಿ, ಸುತ್ತಲ ಊರುಗಳಿಗೆಲ್ಲ ಸಂತೆಯಂತಿದ್ದ ಲಿಂಕನ್ ಮಾಲ್ 2015ರಲ್ಲಿ ಮುಚ್ಚಿತು.

ಅಂಗಡಿ ಹೋದರೆ ಏನಾಯಿತು, ಕಾರು ಹತ್ತಿ ಬೇರೆ ಕಡೆ ಹೋದರಾಯಿತಲ್ಲ ಎನ್ನಿಸಬಹುದು. ತೆರಿಗೆ ಬಿಲ್ ನೋಡಿದಾಗ ವಿಷಯ ತಿಳಿಯುತ್ತದೆ. ಊರು ಆರಿಸುವವರು ಅತಿ ಹೆಚ್ಚು ಎಡವುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಂಗಳೂರಿನಲ್ಲಿ ಮನೆ ಕಂದಾಯ ಅಂದರೆ ವರ್ಷಕ್ಕೊಮ್ಮೆ ಕಟ್ಟಿ ಮರೆಯುವ ಮೊತ್ತ. ಅಮೆರಿಕದಲ್ಲಿ, ಅದರಲ್ಲೂ ಇಲಿನಾಯ್‌ನಲ್ಲಿ, ಊರಿನ ಶಾಲೆ ಬಹುಮಟ್ಟಿಗೆ ನಡೆಯುವುದು ಮನೆ ಮತ್ತು ಅಂಗಡಿಗಳ ಕಂದಾಯದಿಂದ. ಲೆಕ್ಕ ಹೀಗೆ. ಒಂದು ಊರಿಗೆ ಶಾಲೆ, ಅಗ್ನಿಶಾಮಕ ದಳ, ಲೈಬ್ರರಿ ಎಲ್ಲ ಸೇರಿ ವರ್ಷಕ್ಕೆ 2 ಕೋಟಿ ಡಾಲರ್ ಬೇಕು ಎನ್ನಿ. ಊರಿನ ಒಟ್ಟು ಆಸ್ತಿ 100 ಕೋಟಿ ಬೆಲೆಯದಾದರೆ ಶೇ. 2ರ ತೆರಿಗೆ ಸಾಕು. ಪಕ್ಕದ ಊರಿಗೂ ಅಷ್ಟೇ ಮಕ್ಕಳು, ಅಷ್ಟೇ ಖರ್ಚು, ಆದರೆ ಒಟ್ಟು ಆಸ್ತಿ 40 ಕೋಟಿಯದು. ಅಲ್ಲಿ ಶೇ. 5 ಬೀಳುತ್ತದೆ. ಶಿಕಾಗೋ ಇರುವ ಕುಕ್ ಕೌಂಟಿಯಲ್ಲಿ ಮನೆಯನ್ನು ಮಾರುಕಟ್ಟೆ ಬೆಲೆಯ ಶೇ. 10ಕ್ಕೆ, ವ್ಯಾಪಾರದ ಕಟ್ಟಡವನ್ನು ಶೇ. 25ಕ್ಕೆ ಲೆಕ್ಕ ಹಿಡಿಯುತ್ತಾರೆ. ಅಂದರೆ ಒಂದು ಮಾಲ್ ಮುಚ್ಚಿದಾಗ ಎರಡೂವರೆ ಪಟ್ಟು ತೂಕದ ತೆರಿಗೆದಾರ ಊರಿನಿಂದ ಮರೆಯಾದ ಹಾಗೆ. ಆ ಭಾರ ಉಳಿದ ಮನೆಗಳ ಮೇಲೆ ಬೀಳುತ್ತದೆ. ತೆರಿಗೆ ಏರಿದ್ದಕ್ಕೆ ಕೊಳ್ಳುವವರು ಹಿಂಜರಿಯುತ್ತಾರೆ, ಬೆಲೆ ಇಳಿಯುತ್ತದೆ, ಒಟ್ಟು ಆಸ್ತಿ ಇನ್ನೂ ಕುಗ್ಗುತ್ತದೆ, ತೆರಿಗೆ ದರ ಮತ್ತೆ ಏರುತ್ತದೆ.

ಗೆಳೆಯನ ಅಡುಗೆಮನೆಯ ಮೇಜಿನ ಮೇಲೆ ನಾವು ಹಾಕಿದ ಲೆಕ್ಕವನ್ನು ಇಲ್ಲಿ ಇಡುತ್ತೇನೆ. ಒಂದು ಮನೆ 1,80,000 ಡಾಲರ್, ತೆರಿಗೆ ಶೇ. 5. ಇನ್ನೊಂದು 3,00,000 ಡಾಲರ್, ತೆರಿಗೆ ಶೇ. 2. ಶೇ. 10 ಕೈಯಿಂದ ಹಾಕಿ, ಉಳಿದದ್ದಕ್ಕೆ ಶೇ. 6.5 ಬಡ್ಡಿಯ 30 ವರ್ಷದ ಸಾಲ. ಮೊದಲ ಮನೆಗೆ ತಿಂಗಳ ಕಂತು ಸುಮಾರು 1,024 ಡಾಲರ್, ತೆರಿಗೆ 750, ಒಟ್ಟು 1,774. ಎರಡನೆಯದಕ್ಕೆ ಕಂತು 1,707, ತೆರಿಗೆ 500, ಒಟ್ಟು 2,207. ಬೆಲೆ ನೋಡಿದರೆ ಶೇ. 40 ಅಗ್ಗ, ತಿಂಗಳ ಖರ್ಚು ನೋಡಿದರೆ ಶೇ. 20 ಮಾತ್ರ. 30 ವರ್ಷ ಕಳೆದು ಸಾಲ ತೀರಿದ ಮೇಲೆ ಅಗ್ಗದ ಮನೆಯವರೇ ತಿಂಗಳಿಗೆ 250 ಡಾಲರ್ ಹೆಚ್ಚು ಕಟ್ಟುತ್ತಿರುತ್ತಾರೆ, ಅದೂ ಮುಪ್ಪಿನಲ್ಲಿ. ಗೆಳೆಯ ಪೆನ್ನು ಕೆಳಗಿಟ್ಟು ಅಮ್ಮನ ಕಡೆ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ.

ಕುಕ್ ಕೌಂಟಿಯ ತೆರಿಗೆ ಬಿಲ್ಲನ್ನು ಕೈಯಲ್ಲಿ ಹಿಡಿದು ಓದಬೇಕು. ಪ್ರಾಥಮಿಕ ಶಾಲೆಗೆ ಒಂದು ಸಾಲು, ಹೈಸ್ಕೂಲಿಗೆ ಒಂದು, ಕಾಲೇಜಿಗೆ, ಪಾರ್ಕಿಗೆ, ಲೈಬ್ರರಿಗೆ, ಅರಣ್ಯಕ್ಕೆ, ಚರಂಡಿ ನೀರಿನ ಶುದ್ಧೀಕರಣಕ್ಕೆ ಒಂದೊಂದು. ಸೊಳ್ಳೆ ನಿವಾರಣೆಗೂ ಒಂದು ಸಾಲು ಇದೆ. ಎಲ್ಲಕ್ಕಿಂತ ದಪ್ಪ ಮೊತ್ತ ಶಾಲೆಗಳದು. ಮಾರುವವರ ಬಿಲ್ಲನ್ನು ನಂಬಿ ಮೋಸ ಹೋಗುವವರು ಬಹಳ. ಆ ಮನೆಯಲ್ಲಿ 65 ದಾಟಿದವರಿದ್ದರೆ ಹಿರಿಯರ ರಿಯಾಯಿತಿ ಕಳೆದು ಬಿಲ್ ಬಂದಿರುತ್ತದೆ. ಹೊಸಬರಿಗೆ ಆ ರಿಯಾಯಿತಿ ಇಲ್ಲದೆ ಬಿಲ್ ಒಂದೇ ಸಲಕ್ಕೆ ಏರಿಬಿಡುತ್ತದೆ. ಬೆಲೆಯ ಮರುಮೌಲ್ಯಮಾಪನ ಮೂರು ವರ್ಷಕ್ಕೊಮ್ಮೆ. ದಕ್ಷಿಣ ಸಬರ್ಬ್‌ಗಳಲ್ಲಿ 2023ರಲ್ಲಿ ಅದು ನಡೆದು, ಮರುವರ್ಷ ಬಂದ ಬಿಲ್‌ಗಳು ಸಾಮಾನ್ಯ ಮನೆಗೆ ಸುಮಾರು ಶೇ. 20 ಏರಿದ್ದವು. ಅದರ ಮೇಲೆ ಅಪೀಲು ಹಾಕಬಹುದು, ಖರ್ಚಿಲ್ಲದೆ ನಾವೇ ಹಾಕಬಹುದು. ಅಪೀಲು ಹಾಕುವ ರೂಢಿ ಇಲ್ಲದವರು ಸುಮ್ಮನೆ ಹೆಚ್ಚು ಕಟ್ಟುತ್ತಾ ಇರುತ್ತಾರೆ.

ಅಗ್ಗದ ಬೆಲೆಗೆ ಇನ್ನೊಂದು ಕಾರಣವೂ ಉಂಟು, ಅದು ಮನೆಯ ಗೋಡೆಯಲ್ಲಿಲ್ಲ. ಬ್ರೂಕಿಂಗ್ಸ್ ಸಂಶೋಧನಾ ಸಂಸ್ಥೆಗಾಗಿ ಆಂಡ್ರೆ ಪೆರಿ ಮತ್ತಿತರರು 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಮನೆಯ ಗುಣ, ಶಾಲೆ, ಸೌಕರ್ಯ ಎಲ್ಲವನ್ನೂ ಸಮ ಮಾಡಿ ನೋಡಿದರೂ ಕಪ್ಪು ಜನ ಹೆಚ್ಚಿರುವ ಬಡಾವಣೆಯ ಮನೆಗೆ ಶೇ. 23 ಕಡಿಮೆ ಬೆಲೆ ಬರುತ್ತದೆ. ಒಂದು ಮನೆಗೆ ಸರಾಸರಿ 48,000 ಡಾಲರ್. ಕೊಳ್ಳುವ ದಿನ ಇದು ಲಾಭದ ಹಾಗೆ ಕಾಣುತ್ತದೆ: ಅದೇ ದುಡ್ಡಿಗೆ ಇನ್ನೊಂದು ಕೋಣೆ, ದೊಡ್ಡ ಅಂಗಳ. ಮಾರುವ ದಿನ ಅಷ್ಟೇ ಮೊತ್ತ ಕೈ ಬಿಡುತ್ತದೆ. ಹತ್ತು ವರ್ಷ ಇದ್ದು ಮಕ್ಕಳನ್ನು ಓದಿಸಿ ಮುಂದೆ ಹೋಗುವ ಕುಟುಂಬಕ್ಕೂ, ಮನೆಯನ್ನು ಮಕ್ಕಳಿಗೆ ಆಸ್ತಿಯಾಗಿ ಬಿಡಬೇಕೆನ್ನುವ ಕುಟುಂಬಕ್ಕೂ ಉತ್ತರ ಒಂದೇ ಆಗಲಾರದು.

ಶಾಲೆಗೆ ಬರೋಣ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಹತ್ತಕ್ಕೆ ಇಷ್ಟು ಎಂಬ ಅಂಕ ಗ್ರೇಟ್‌ಸ್ಕೂಲ್ಸ್ ಎಂಬ ಸಂಸ್ಥೆಯದು, ಮನೆ ಮಾರುವ ಜಾಲತಾಣಗಳಲ್ಲೂ ಅದೇ ಕಾಣುತ್ತದೆ. ಅದರ ಬಹುಪಾಲು ನಿಂತಿರುವುದು ಪರೀಕ್ಷೆಯ ಅಂಕದ ಮೇಲೆ, ಪರೀಕ್ಷೆಯ ಅಂಕ ಬಹುಮಟ್ಟಿಗೆ ತಂದೆತಾಯಿಯ ಆದಾಯ ಹೇಳುತ್ತದೆ. ಶಿಕ್ಷಣ ಸುದ್ದಿಸಂಸ್ಥೆ ಚಾಕ್‌ಬೀಟ್ 2019ರಲ್ಲಿ ಇದನ್ನು ಪರಿಶೀಲಿಸಿ, ಈ ರೇಟಿಂಗ್ ಜನರನ್ನು ಕಪ್ಪು ಮತ್ತು ಲ್ಯಾಟಿನೋ ಮಕ್ಕಳಿರುವ ಶಾಲೆಗಳಿಂದ ದೂರ ತಳ್ಳುವಂತಿದೆ ಎಂದು ತೋರಿಸಿತು. ಕಪ್ಪು ಮಗುವಿನ ತಾಯಿಗೆ ಬೇಕಾದ ಅಂಕಿ ಬೇರೆ. ಆ ಶಾಲೆಯಲ್ಲಿ ಕಪ್ಪು ಮಕ್ಕಳು ಹೇಗಿದ್ದಾರೆ? ಹತ್ತಕ್ಕೆ ಒಂಬತ್ತರ ಶಾಲೆಯಲ್ಲಿ ಮೇಲ್ಮಟ್ಟದ ಎಪಿ ಕ್ಲಾಸುಗಳು ಬಿಳಿಯ ಮತ್ತು ಏಷ್ಯಾದ ಮಕ್ಕಳಿಂದ ತುಂಬಿದ್ದು, ಸಸ್ಪೆಂಡ್ ಆದವರ ಪಟ್ಟಿಯಲ್ಲಿ ಕಪ್ಪು ಹುಡುಗರೇ ಹೆಚ್ಚಿದ್ದರೆ, ಆ ಶಾಲೆ ಅವಳ ಮಗನಿಗೆ ಒಂಬತ್ತರದ್ದಲ್ಲ. ಈ ಎರಡೂ ಅಂಕಿ ಶಾಲೆವಾರು, ಜನಾಂಗವಾರು ಕೇಂದ್ರ ಶಿಕ್ಷಣ ಇಲಾಖೆಯ ಸಿವಿಲ್ ರೈಟ್ಸ್ ಡೇಟಾ ಕಲೆಕ್ಷನ್‌ನಲ್ಲಿ ಯಾರಿಗಾದರೂ ಸಿಗುತ್ತದೆ. ಇಲಿನಾಯ್ ರಿಪೋರ್ಟ್ ಕಾರ್ಡ್ ತಾಣದಲ್ಲಿ ಶಿಕ್ಷಕರ ವಿವರವೂ ಇದೆ. ಶಿಕ್ಷಕರು ಯಾರು ಎನ್ನುವುದು ಸಣ್ಣ ಮಾತಲ್ಲ. ನಾರ್ತ್ ಕ್ಯಾರೊಲೈನಾದ ಮಕ್ಕಳ ದಾಖಲೆ ಹಿಡಿದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 3ರಿಂದ 5ನೇ ತರಗತಿಯೊಳಗೆ ಒಬ್ಬರಾದರೂ ಕಪ್ಪು ಶಿಕ್ಷಕರ ಕೈಯಲ್ಲಿ ಓದಿದ ಕಡುಬಡ ಕಪ್ಪು ಹುಡುಗರು ಹೈಸ್ಕೂಲು ಬಿಡುವ ಸಂಭವ ಶೇ. 39 ಕಡಿಮೆಯಾಗಿತ್ತು.

ಊರಿನ ದಿಕ್ಕು ತಿಳಿಯಲು ನಾವು ಕಂಡುಕೊಂಡ ಒಳ್ಳೆಯ ಉಪಾಯವೂ ಶಾಲೆಯ ಅಂಕಿಯಲ್ಲೇ ಇದೆ. ಹೋಮ್‌ವುಡ್ ಊರಿನಲ್ಲಿ ಕಪ್ಪು ಮತ್ತು ಬಿಳಿಯ ಜನ ಹೆಚ್ಚುಕಡಿಮೆ ಸಮ. ಅದೇ ಹೋಮ್‌ವುಡ್-ಫ್ಲಾಸ್‌ಮೂರ್ ಹೈಸ್ಕೂಲಿನಲ್ಲಿ ಮೂರರಲ್ಲಿ ಎರಡು ಪಾಲು ಮಕ್ಕಳು ಕಪ್ಪು. ಊರಿನ ಬಿಳಿಯರಲ್ಲಿ ಮಕ್ಕಳು ಬೆಳೆದು ಹೋದ ಹಿರಿಯರು ಜಾಸ್ತಿ ಇರಬಹುದು ಎಂದು ಇದರಿಂದ ಊಹಿಸಬಹುದು. ಹಾಗಾದರೆ ಚಿಕ್ಕ ಮಕ್ಕಳಿರುವ ಬಿಳಿಯ ಕುಟುಂಬಗಳು ಈಗ ಬರುತ್ತಿವೆಯೋ ಇಲ್ಲವೋ? ಅದಕ್ಕೆ ಹೈಸ್ಕೂಲು ಬಿಟ್ಟು ಒಂದನೇ ತರಗತಿಯ ಕಡೆ ನೋಡಬೇಕು, ನಾಲ್ಕಾರು ವರ್ಷದ ಅಂಕಿ ಪಕ್ಕಪಕ್ಕ ಇಟ್ಟು ನೋಡಬೇಕು. ಅದರ ಜೊತೆಗೆ ಸಂಜೆ ಮೂರರ ಸುಮಾರಿಗೆ, ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಹತ್ತು ನಿಮಿಷ ನಿಲ್ಲಿ. ಯಾರು ಯಾರ ಜೊತೆ ಮಾತಾಡುತ್ತ ಹೊರಗೆ ಬರುತ್ತಾರೆ, ಕಾಯುತ್ತಿರುವ ಅಮ್ಮಂದಿರು ಒಟ್ಟಿಗೆ ನಿಂತಿದ್ದಾರೋ ಎರಡು ಗುಂಪಾಗಿದ್ದಾರೋ, ಇದಕ್ಕೆ ಯಾವ ಜಾಲತಾಣದಲ್ಲೂ ಕಾಲಂ ಇಲ್ಲ.

ಹನ್ನೊಂದರ ಮಗ ಇನ್ನು ಐದು ವರ್ಷಕ್ಕೆ ಕಾರು ಓಡಿಸುತ್ತಾನೆ. ನನ್ನ ಮಗನ ಬಗ್ಗೆ ನಾನು ಇನ್ಶೂರೆನ್ಸ್ ಎಷ್ಟಾಗುತ್ತದೋ ಎಂದು ಯೋಚಿಸಿದ್ದೆ. ಗೆಳೆಯ ಯೋಚಿಸಿದ್ದು ಪೊಲೀಸರು ಎಷ್ಟು ಸಲ ನಿಲ್ಲಿಸುತ್ತಾರೋ ಎಂದು. ಇಲಿನಾಯ್‌ನಲ್ಲಿ ಪ್ರತಿ ಊರಿನ ಪೊಲೀಸರೂ ತಾವು ನಿಲ್ಲಿಸಿದ ವಾಹನಗಳ ಚಾಲಕರ ಜನಾಂಗವನ್ನು ದಾಖಲಿಸಬೇಕು, ರಾಜ್ಯದ ಸಾರಿಗೆ ಇಲಾಖೆ ವರ್ಷವರ್ಷ ಅದನ್ನು ಪ್ರಕಟಿಸುತ್ತದೆ. ಈ ಕಾಯಿದೆ 2003ರದ್ದು. ಸೆನೆಟ್ಟಿನಲ್ಲಿ ಅದನ್ನು ಮುಂದಿಟ್ಟು ಗೆಲ್ಲಿಸಿದವರು ಆಗ ರಾಜ್ಯದ ಸೆನೆಟರ್ ಆಗಿದ್ದ ಬರಾಕ್ ಒಬಾಮ. ಊರಿನ ಹೆಸರು ಹುಡುಕಿ ಆ ಪುಟ ಓದುವುದು ಅರ್ಧ ಗಂಟೆಯ ಕೆಲಸ.

ಬೋಲಿಂಗ್‌ಬ್ರೂಕ್ ಕೂಡ ನೋಡಿದೆವು. ಕಪ್ಪು, ಬಿಳಿ, ಲ್ಯಾಟಿನೋ, ಏಷ್ಯಾದವರು ಎಲ್ಲರೂ ಇರುವ ಊರು, ನೇಪರ್‌ವಿಲ್ ಪಕ್ಕದಲ್ಲೇ. ನಮ್ಮವರೂ ಸಾಕಷ್ಟು ಇದ್ದಾರೆ. ಆದರೆ ಸಬರ್ಬ್‌ಗಳಿಂದ ನಗರಕ್ಕೆ ಓಡುವ ಮೆಟ್ರಾ ರೈಲಿಲ್ಲ, ಡೌನ್‌ಟೌನ್‌ಗೆ ಐ-55 ಹೆದ್ದಾರಿಯ ಬಸ್ಸೇ ಗತಿ. ಪಾರ್ಕ್ ಫಾರೆಸ್ಟ್‌ನಲ್ಲಿ ಮನೆಗಳು ಬಲು ಅಗ್ಗ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆಂದು 1948ರಲ್ಲಿ ಕಟ್ಟಿದ ಊರು, 1959ರಲ್ಲೇ ಮೊದಲ ಕಪ್ಪು ಕುಟುಂಬ ಬಂದಿತ್ತು. ಆದರೆ ತೆರಿಗೆ ಭಾರೀ, ಊರಿನ ಹೈಸ್ಕೂಲ್ ರಿಚ್ ಈಸ್ಟ್ 2020ರಲ್ಲಿ ಮುಚ್ಚಿಹೋಯಿತು. ಅಮ್ಮನಿಗೆ ಒಲಿಂಪಿಯಾ ಫೀಲ್ಡ್ಸ್ ಇಷ್ಟವಾಯಿತು. ಕಪ್ಪು ವೈದ್ಯರು, ವಕೀಲರು, ನಿವೃತ್ತ ಪ್ರಿನ್ಸಿಪಾಲರು ಇರುವ, ದೊಡ್ಡ ಅಂಗಳದ ಮನೆಗಳ ಊರು. "ಇಲ್ಲಿ ಮಗು ಯಾರಿಗೂ ತಾನು ಯಾರು ಅಂತ ವಿವರಿಸಬೇಕಾಗಿಲ್ಲ" ಎಂದರು. ಬೆರೆತ ಊರೇ ಎಲ್ಲರಿಗೂ ಒಳ್ಳೆಯದು ಎಂದು ಹೊರಗಿನಿಂದ ಹೇಳುವುದು ಸುಲಭ. ಆ ಅಜ್ಜಿಯ ಮಾತಿಗೆ ನನ್ನಲ್ಲಿ ಎದುರುತ್ತರ ಇರಲಿಲ್ಲ. ಸೊಸೆಗೆ ಮಾತ್ರ ಮಕ್ಕಳು ಎಲ್ಲರ ಜೊತೆ ಬೆಳೆಯಬೇಕೆಂಬ ಹಟ.

ಕೊನೆಗೆ ಹೋಮ್‌ವುಡ್‌ನಲ್ಲಿ 2,60,000 ಡಾಲರ್‌ಗೆ ಇಟ್ಟಿಗೆಯ ಮನೆ. ತೆರಿಗೆ ಹಗುರವಲ್ಲ, ಗೊತ್ತಿದ್ದೇ ಒಪ್ಪಿಕೊಂಡರು. ಅತ್ತೆ ಸೊಸೆ ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರು. ಮನೆ ನೋಡಲು ಹೋದ ದಿನ ಕಾರಿನಲ್ಲಿ 88.5 ಎಫ್‌ಎಂ ಹಾಕಿದ್ದೆ; ಅದು ಆ ಹೈಸ್ಕೂಲಿನ ಮಕ್ಕಳೇ ನಡೆಸುವ ರೇಡಿಯೋ. ಹುಡುಗನೊಬ್ಬ ತಡವರಿಸುತ್ತ ಮಾತಾಡುತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ಮಗ ಮುಂದೆ ಬಾಗಿ, "ಇವರಿಗೆ ಎಷ್ಟು ವಯಸ್ಸು?" ಎಂದು ಕೇಳಿದ.

ಹೋಮ್‌ವುಡ್ ಸ್ಟೇಷನ್ನಿನಿಂದ ಡೌನ್‌ಟೌನ್‌ಗೆ ಹೋಗುವ ಮೆಟ್ರಾ ಎಲೆಕ್ಟ್ರಿಕ್ ಓಡುವುದು ಹಳೆಯ ಇಲಿನಾಯ್ ಸೆಂಟ್ರಲ್ ಮಾರ್ಗದಲ್ಲಿ. ನ್ಯೂ ಆರ್ಲಿಯನ್ಸ್‌ಗೆ ಹೋಗುವ ಆಮ್‌ಟ್ರಾಕ್ ರೈಲೂ ರಾತ್ರಿ ಒಂಬತ್ತರ ಸುಮಾರಿಗೆ ಅಲ್ಲಿ ನಿಲ್ಲುತ್ತದೆ. ಮನೆಗೆ ಬಂದು ಸೇರಿದ ವಾರವೇ ಗೆಳೆಯನ ತಾಯಿ ಅದರ ವೇಳಾಪಟ್ಟಿಯನ್ನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದರು. ಅವರ ಅಕ್ಕ ಇರುವುದು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ. ರಾತ್ರಿ ಹತ್ತಿದರೆ ಮರುದಿನ ಮಧ್ಯಾಹ್ನದೊಳಗೆ ಅಲ್ಲಿ.